ಹನ್ನೆರಡನೆಯ ಹೆಸರು

ವಾಡಿ
ರವಿವಾರ, ೧೫ ನವೆಂಬರ್ ೨೦೦೯

ಪೂಜ್ಯ ಅತ್ತೆಯವರಿಗೆ, ದೂರದಿಂದಲೇ ನಿಮ್ಮ ಕಾಲು ಮುಟ್ಟಿ ಪ್ರಮಿತಾ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಸೇಡಂನಲ್ಲಿ ವಿಠ್ಠಲನ ಮನೆಯ ಮೆಟ್ಟಿಲು ಭಾಳ ಕಡಿದು. ಎಣ್ಣೆ ಹಚ್ಚಿಕೊಳ್ಳದೆ ಹಟ ಮಾಡುತ್ತಿರುತ್ತೀರಿ, ನನಗೆ ಗೊತ್ತಿಲ್ಲವೇ! ಫೋನ್ ಮಾಡಿದಾಗಲೆಲ್ಲ ನಿಮ್ಮ ಕಿರಿಮಗನೇ ಎತ್ತಿ, ‘ಅವ್ವ ಪೂಜಿಗಿ ಕುಂತಾಳ ವೈನಿ’ ಎನ್ನುತ್ತಾನೆ. ಮುಂಜಾನೆಯೂ ಪೂಜೆ, ಮಧ್ಯಾಹ್ನವೂ ಪೂಜೆ. ದೇವರಿಗೂ ಸ್ವಲ್ಪ ಪುರಸೊತ್ತು ಕೊಡಿ ಅತ್ತೆ. ಅದಕ್ಕೇ ಈ ಕಾಗದ. ನಿಮ್ಮ ಹಿರಿಮಗ ತೀರಿಕೊಂಡ ಮೇಲೆ ಫ್ಯಾಕ್ಟರಿಯ ಅವರ ನೌಕರಿ ತಮ್ಮ ವಿಠ್ಠಲನಿಗೆ ಸಿಗಲೆಂದು ನಿಮ್ಮ ಆಸೆಯಿತ್ತು. ಆರ್ಡರ್ ನನ್ನ ಹೆಸರಿಗೆ ಬಂತು. ‘ನನ್ನ ಗೋಪಾಲನ ಕುರ್ಚಿಮ್ಯಾಲ ನೀ ಕುಂದ್ರೂದು ನಾ ನೋಡಂಗಿಲ್ಲ’ ಎಂದು ಅಂದೇ ಹೊರಟುಬಿಟ್ಟಿರಿ. ನಾಲ್ಕು ತಿಂಗಳಾಯಿತು. ಮಕ್ಕಳಿಲ್ಲದ ಮನೆ, ನನ್ನೊಬ್ಬಳಿಗೆಂದು ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಒಂದು ಹಿಡಿ ಅವಲಕ್ಕಿ ಕಲಸಿಕೊಂಡು ಮಲಗಿದ ದಿನಗಳೇ ಹೆಚ್ಚು.

ನನ್ನ ಕೆಲಸ ಅವರು ಮಾಡುತ್ತಿದ್ದುದೇ: ಫ್ಯಾಕ್ಟರಿಯಿಂದ ಸಿಮೆಂಟು ಒಯ್ಯುವ ಲಾರಿಗಳಿಗೆ ಚೀಟಿ ಮಾಡುವುದು. ಮೇಜಿನ ಮೇಲೆ ಪೂರ್ತಿ ಕಂಪ್ಯೂಟರ್ ಇಲ್ಲ. ಒಂದು ಪರದೆ, ಕೀಬೋರ್ಡು, ಅಂಗೈಯಗಲದ ಪೆಟ್ಟಿಗೆ ಅಷ್ಟೇ. ಉಳಿದದ್ದೆಲ್ಲ ಸರ್ವರ್ ರೂಮಿನಲ್ಲಿ. ಮಠದ ಪಂಕ್ತಿಯಂತೆ ಎಂದುಕೊಳ್ಳಿ. ಅಡುಗೆ ಒಂದೇ ಕಡೆ; ನಮ್ಮ ಹೆಸರು, ಪಾಸ್‌ವರ್ಡ್ ಹೊಡೆದರೆ ನಮಗೆ ಬರಬೇಕಾದ್ದು ನಮ್ಮ ಎಲೆಗೆ ಬರುತ್ತದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವರ ಗೆಳೆಯ ಅಬ್ದುಲ್ ಮಜೀದ, ನಿಮ್ಮ ಕೈಯ ಹೋಳಿಗೆ ತಿಂದವನೇ. ಮೊದಲ ದಿನ ಅವನು, ‘ಸದ್ಯಕ ಗೋಪಾಲನ ಹೆಸರಿಲೇ ಒಳಗ ಹೋಗ್ರಿ ಭಾಬಿ, ನಿಮ್ದು ಆಮ್ಯಾಲ ಮಾಡ್ತೀನಿ’ ಎಂದ. ಆಮೇಲೆ ಎಂಬುದು ನಾಲ್ಕು ತಿಂಗಳಾಯಿತು. ಅವನೂ ನೆನಪಿಸಲಿಲ್ಲ, ನಾನೂ ಕೇಳಲಿಲ್ಲ. ದಿನಾ ಮುಂಜಾನೆ ಅವರ ಹೆಸರು ಹೊಡೆದರೆ, ಪರದೆ ಅವರನ್ನೇ ಒಳಗೆ ಕರೆಯುತ್ತಿತ್ತು. ಎರಡು ನಿಮಿಷ ಸುಮ್ಮನೆ ನೋಡುತ್ತ ಕೂರುತ್ತಿದ್ದೆ. ಹುಚ್ಚಿ ಅನ್ನಿ ಬೇಕಾದರೆ, ನನಗೆ ಅದು ಬೇಕಾಗಿತ್ತು.

ಹೊಸ ಮ್ಯಾನೇಜರು ಬುಧವಾರ ಚೀಟಿಯ ಮೇಲೆ ತೀರಿಹೋದವರ ಹೆಸರು ನೋಡಿ ಕೆಂಡವಾದರು. ನಾಳೆಯಿಂದ ನನ್ನದೇ ಹೆಸರಿನಲ್ಲಿ ಮಾಡಬೇಕು, ಆಗದಿದ್ದರೆ ಆ ಕುರ್ಚಿಗೆ ಬೇರೆಯವರನ್ನು ನೋಡುತ್ತೇನೆ ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಗುರುವಾರ, ಮಜೀದ ಹೊಸದಾಗಿ ಮಾಡಿಕೊಟ್ಟ ನನ್ನ ಹೆಸರು ಹೊಡೆದೆ. ಪರದೆ ಬಂತು, ಗಡಿಯಾರ ಬಂತು, ಎಲ್ಲ ಬಂತು. ಚೀಟಿ ಮಾಡುವ ಪ್ರೋಗ್ರಾಂ ಮಾತ್ರ ಇಲ್ಲ. ಎಲೆ ಹಾಕಿ, ಉಪ್ಪು ಕೋಸಂಬರಿ ಬಡಿಸಿ, ಅನ್ನವನ್ನೇ ಮರೆತಂತೆ! ಹೊರಗೆ ಲಾರಿಗಳ ಸಾಲು, ಹಾರ್ನಿನ ಗದ್ದಲ. ಮಜೀದ ವೈರು ಬದಲಿಸಿದ, ಬರಲಿಲ್ಲ. ಪೆಟ್ಟಿಗೆಯನ್ನೇ ಬದಲಿಸಿದ, ಬರಲಿಲ್ಲ. ತನ್ನ ಮೇಜಿಗೆ ಕರೆದು ಅಲ್ಲಿ ನನ್ನ ಹೆಸರು ಹೊಡೆಸಿದ, ಅಲ್ಲೂ ಇಲ್ಲ. ನನ್ನ ಮೇಜಿನಲ್ಲಿ ತನ್ನ ಹೆಸರು ಹೊಡೆದ. ಪ್ರೋಗ್ರಾಂ ಟಣ್ಣನೆ ಬಂತು. ‘ಪೆಟಗಿ ಛಲೋ ಅದ ಭಾಬಿ, ಖರಾಬಿ ಹೆಸರಿನಾಗ ಅದ’ ಎನ್ನುತ್ತ ಪಟ್ಟಿ ತೆರೆದ. ಆ ಪ್ರೋಗ್ರಾಂ ಕೊಂಡದ್ದು ಹನ್ನೆರಡು ಜನರಿಗೆ ಮಾತ್ರ. ಹನ್ನೆರಡೂ ತುಂಬಿದ್ದವು. ಕೊನೆಯದು ಅವರದು. ಅದು ಖಾಲಿಯಾಗದೆ ನನ್ನ ಹೆಸರು ಸೇರುವಂತಿರಲಿಲ್ಲ. ಮಜೀದ ಕನ್ನಡಕ ತೆಗೆದು ಒರೆಸಿಕೊಂಡ. ‘ತಪ್ಪು ನಂದೇ. ಅಂವಾ ಹೋದ ದಿನಾನೇ ತೆಗಿಬೇಕಿತ್ತು. ಕೈ ಬರ್ಲಿಲ್ಲ’ ಎಂದ.

ಕೊನೆಗೆ ಹೆಸರು ತೆಗೆಯಲಾಯಿತು. ನನ್ನದು ಸೇರಿತು, ಪ್ರೋಗ್ರಾಂ ಬಂತು, ಸಂಜೆಯೊಳಗೆ ಲಾರಿಗಳೆಲ್ಲ ಹೊರಟವು. ಮ್ಯಾನೇಜರು ನನ್ನ ಹೆಸರಿನ ಚೀಟಿಗಳಿಗೆ ಸಹಿ ಹಾಕಿದರು.

ವಿಠ್ಠಲನಿಗೂ ಅವನ ಮನೆಯವರಿಗೂ ನನ್ನ ನೆನಪು ಹೇಳಿ. ಚಳಿ ಶುರುವಾಗಿದೆ, ತಣ್ಣೀರು ಸ್ನಾನ ಬಿಡಿ. ರಾಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಸೊಸೆ,
ಪ್ರಮಿತಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ. ‘ತೆಗೆಯಲಾಯಿತು’ ಎಂದು ಬರೆದದ್ದು ನನ್ನ ಅಂಜಿಕೆ. ಮಜೀದನಿಂದ ಆಗಲಿಲ್ಲ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೆಸರು ಅಳಿಸುವುದು ಖಾತ್ರಿಯೇ ಎಂದು ಪರದೆ ಎರಡು ಸಲ ಕೇಳಿತು, ಎರಡು ಸಲವೂ ಒತ್ತಿದವಳು ನಾನೇ. ಬೇರೆಯವರಿಂದ ನಿಮಗೆ ತಿಳಿಯಬಾರದು. ಬೈಯಬೇಕೆನಿಸಿದರೆ ಮುಂಜಾನೆಯ ಗಾಡಿಗೆ ಬಂದು ಎದುರಿಗೆ ಕುಳಿತು ಬೈಯಿರಿ. ಗಂಡನ ಹೆಸರು ನಾನು ಬಾಯಿಬಿಟ್ಟು ಕರೆದವಳಲ್ಲ. ಈ ಮನೆಯಲ್ಲಿ ಆ ಹೆಸರು ಕರೆಯುತ್ತಿದ್ದವರು ನೀವೊಬ್ಬರೇ. ಬಂದು ಒಂದು ಸಲ ಕರೆಯಿರಿ ಅತ್ತೆ, ನಾನು ಕೇಳುತ್ತೇನೆ.