ಇದರಾಗ ನೀ ಎಲ್ಲಿದ್ದಿ?

ಅವ್ವಾ,

ಇವತ್ತೂ ಹೊಸ ತಿಪ್ಪಸಂದ್ರದಲ್ಲಿ ಬೆಳಗಿನಿಂದಲೇ ಮಳೆ. ನನಗೆ ರಾಯಚೂರಿನಿಂದ ಇಲ್ಲಿಗೆ ವರ್ಗವಾದಾಗ, ದಿನಕ್ಕೊಂದು ಫೋಟೋ ಕಳಿಸು ಅಂದವಳು ನೀನೇ. ನಾನು ತೊಯ್ದ ಮಾರ್ಕೆಟ್ ರಸ್ತೆ, ಕೊಡೆಗಳು, ಕೆಸರು ಮೆತ್ತಿದ ಬಸ್ಸು ಎಲ್ಲ ಕಳಿಸಿದೆ. ನೀನು ದಿನಾ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದೆ: "ಮಳಿ ಚಲೋ ಅದ. ಇದರಾಗ ನೀ ಎಲ್ಲಿದ್ದಿ?"

"ಫೋಟೋ ಹಿಡಿಯಾಕಿನೇ ನಾನು, ಹೆಂಗ ಬರ್ಲಿ?" ಎಂದು ನಾನು ರೇಗುತ್ತಿದ್ದೆ. ಹೊಸ ಊರಿನ ಒಂಟಿತನಕ್ಕೆ ಬಾಡಿದ್ದ ಆಗಿನ ನನ್ನ ಮುಖ ನಿನಗೆ ತೋರಿಸುವಂತಿರಲಿಲ್ಲ.

ನೀನು ಹೋಗಿ ಇಪ್ಪತ್ತು ದಿನವಾಯಿತು. ಕಳಿಸಲು ಯಾರೂ ಇಲ್ಲವೆಂದು ಗೊತ್ತಿದ್ದರೂ ಕೈ ಸುಮ್ಮನಿರುವುದಿಲ್ಲ. ಇವತ್ತು ಹೂ ಮಾರುವ ಪಿಳ್ಳಮ್ಮನ ಕಡೆ ಫೋನ್ ಎತ್ತಿದೆ. ದಿನಾ ನಿನಗೆ ಫೋಟೋ ಕಳಿಸುತ್ತೇನೆಂದು ಹಿಂದೊಮ್ಮೆ ಅವಳಿಗೆ ಹೇಳಿದ್ದೆ.

"ಇನ್ನೂ ಬೋಣಿ ಆಗಿಲ್ಲಮ್ಮ, ಈಗ್ಲೇ ಹಿಡೀಬೇಡ," ಅಂದಳು.

ಹಾಗಾದರೆ ಬೋಣಿ ನನ್ನದೇ ಆಗಲಿ ಎಂದು ಒಂದು ಮೊಳ ಕನಕಾಂಬರ ಕೊಂಡೆ. ಮುಡಿಯದೆ ಕೈಯಲ್ಲೇ ಹಿಡಿದು ನಿಂತದ್ದನ್ನು ನೋಡಿ, ಅವಳೇ ಎದ್ದು ಬಂದು ಮುಡಿಸಿದಳು.

"ಎಷ್ಟು ಚೆನ್ನಾಗೈತೆ! ನನ್ ಫೋಟೋ ಯಾಕೆ, ನಿಂದೇ ನಿಮ್ಮಮ್ಮಂಗೆ ಕಳ್ಸು. ಕೊಡಿಲ್ಲಿ," ಎಂದು ಫೋನ್ ಕಿತ್ತುಕೊಂಡಳು. ನೀನಿಲ್ಲವೆಂದು ಅವಳಿಗೆ ಗೊತ್ತಿಲ್ಲ; ನಾನು ಅವಳ ಟಾರ್ಪಾಲಿನ ಕೆಳಗೆ ಹೋಗಿ ನಿಂತೆ.

ಫೋಟೋ ಸ್ವಲ್ಪ ಅಲ್ಲಾಡಿದೆ. ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಂದಿದೆ. ಎಡಗಡೆ, ನೀಲಿ ಟಾರ್ಪಾಲಿನ ಕೆಳಗೆ ನೋಡವ್ವಾ, ಹೂ ಮುಡಿದವಳು ನಾನು.