ತೂಗುಸೇತುವೆಯ ನಡುವೆ ಅಪ್ಪ

ನ್ಯೂಜಿಲೆಂಡ್, ಮಂಗಳವಾರ

ತಾತ, ನಮಸ್ಕಾರ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಅಪ್ಪನೂ ಓದುತ್ತಾರೆ, ಅದಕ್ಕೇ ಕಾರ್ಡು ಬರೆಯುತ್ತಿದ್ದೇನೆ.

ಇವತ್ತು ಕಾಡಿನಲ್ಲಿ ನಡೆಯುವಾಗ ಒಂದು ತೂಗುಸೇತುವೆ ಸಿಕ್ಕಿತು. ಹೊಳೆ ತುಂಬ ಕೆಳಗಿತ್ತು. ಒಂದು ಸಲಕ್ಕೆ ಇಬ್ಬರು ಮಾತ್ರ ಹೋಗಬೇಕೆಂದು ಬೋರ್ಡ್ ಹಾಕಿದ್ದರು. ಅಮ್ಮ ಮೊದಲು ದಾಟಿದರು. ಆಮೇಲೆ ಅಪ್ಪ, "ಹೆದರ್ಕೋಬೇಡ ಪುಟ್ಟಿ, ನನ್ ಹಿಂದೇನೇ ಬಾ" ಎಂದು ಹೊರಟರು. ನಡುವೆ ನಿಂತು, ಕಂಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿಕೊಂಡರು.

"ಅಪ್ಪ, ನಡೀರಿ."

"ಮಾತಾಡಿಸ್ಬೇಡ ಕಣೇ, ಅಲ್ಲಾಡತ್ತೆ."

ಅಮ್ಮ ಆ ದಡದಿಂದ ಕೂಗುತ್ತಿದ್ದರು, ಆದರೆ ಬೋರ್ಡಿನ ಪ್ರಕಾರ ಬರುವ ಹಾಗಿರಲಿಲ್ಲ. ನಾನು ಅಪ್ಪನ ತೋಳಿನ ಕೆಳಗೆ ನುಸುಳಿ ಮುಂದೆ ಹೋಗಿ ಅವರ ಕೈ ಹಿಡಿದೆ. "ಮಾಗಡಿ ರೋಡ್ ದಾಟೋವಾಗ ನೀವೇ ಹೇಳ್ತೀರಲ್ಲ, ಗಾಡಿಗಳನ್ನ ನೋಡ್ಬೇಡ, ಕೈ ಹಿಡ್ಕೊಂಡು ಸುಮ್ನೆ ನಡಿ ಅಂತ. ಹಂಗೇ ಬನ್ನಿ" ಎಂದೆ. ಅಪ್ಪ ಕಣ್ಣು ಬಿಡದೆಯೇ ನಡೆದರು. ತುಂಬ ಹೊತ್ತು ಹಿಡಿಯಿತು. ನನಗೂ ಹೆದರಿಕೆಯಾಗಿತ್ತು, ಅದನ್ನು ಅವರಿಗೆ ಹೇಳಿಲ್ಲ. ದಡ ಸೇರಿದ ಮೇಲೆ ಅಪ್ಪ, "ವ್ಯೂ ಚೆನ್ನಾಗಿತ್ತು" ಎಂದರು.

ಎಲ್ಲರೂ ಆರೋಗ್ಯವಾಗಿದ್ದೇವೆ. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಅಷ್ಟೇ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಾಳೆ ಅದೇ ಸೇತುವೆಯ ಮೇಲೆ ವಾಪಸ್ ಹೋಗಬೇಕು. ಬೇರೆ ದಾರಿ ಇದೆಯಾ ಎಂದು ಅಪ್ಪ ನಾವು ತಂಗಿರುವ ಕಾಡಿನ ಮನೆ ನೋಡಿಕೊಳ್ಳುವ ಫಾರೆಸ್ಟ್ ಆಂಟಿಯನ್ನು ಕೇಳಿದರು. ಇದೆ, ಆದರೆ ಎರಡು ದಿನ ನಡೆಯಬೇಕು ಎಂದರಂತೆ. ಅಪ್ಪ ಯೋಚನೆ ಮಾಡುತ್ತಿದ್ದಾರೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಇಂಚರಾ