ಗರಡಿಯ ಮಣ್ಣು ಜರಡಿ ಹಿಡಿಯುವವರ ಅರ್ಜಿ

ತಾಲೂಕಿನ ಶಾಲೆಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಮಾನ್ಯರೇ, ಈ ಬೆಳಿಗ್ಗೆ ನಮ್ಮೂರ ಶಾಲೆಯ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಅದಕ್ಕೆ ಅಂಗಡಿಯವರು ಸವರಿದ ಎಣ್ಣೆ ಇನ್ನೂ ಆರಿರಲಿಲ್ಲ. ಮುಟ್ಟಿದ ನನ್ನ ಬೆರಳು ಜಿಡ್ಡಾಯಿತು. ಒಳಗೆ ಸಿಕ್ಕಿಹಾಕಿಕೊಂಡ ಎರಡು ಆಡುಗಳು ಕಂಬಿಗಳ ನಡುವೆ ಮೂತಿ ತೂರಿಸಿ ನಮ್ಮನ್ನು ನೋಡುತ್ತಿದ್ದವು. ಹೊರಗೆ ನಾವು ಒಂಬತ್ತು ಜನ ಹೆಣ್ಣುಮಕ್ಕಳು. ಇಷ್ಟು ವರ್ಷ ದನಗಳೂ ಇಸ್ಪೀಟಾಡುವವರೂ ಮದುವೆಯ ದಿಬ್ಬಣಗಳೂ ಆ ಅಂಗಳಕ್ಕೆ ಹೋಗಿ ಬಂದಾಗ ನೆನಪಾಗದ ಬೀಗ, ನಾವು ಹೋಗತೊಡಗಿದ ಹನ್ನೆರಡನೆಯ ದಿನ ತಮಗೆ ನೆನಪಾಯಿತೇ?

ನಾವು ಮಾಡಿದ ಅಪರಾಧ ಇಷ್ಟು: ಗರಡಿಯ ವಸ್ತಾದಿ ಹುಲುಗಣ್ಣನವರಿಂದ, ಶಾಲೆ ಶುರುವಾಗುವ ಮುಂಚೆ ಆ ಅಂಗಳದಲ್ಲಿ ದಿನಕ್ಕೆ ಅರ್ಧ ಗಂಟೆ ಕೈವರಸೆ ಕಲಿತದ್ದು. ಅದಕ್ಕೆ ಕಾರಣವಾದವಳು ಹತ್ತನೆಯ ತರಗತಿಯ ಮೈಲಮ್ಮ. ಎರಡು ಮೈಲಿ ದೂರದ ಹಟ್ಟಿಯಿಂದ ನಡೆದು ಬರುವ ಅವಳ ಕೈಯನ್ನು ಹಳ್ಳದ ಸೇತುವೆಯ ಬಳಿ ಇಬ್ಬರು ಹಿಡಿದರು. ಹೇಗೋ ಕಿತ್ತುಕೊಂಡು ಓಡಿ ಬಂದಳು. ಯಾರಿಗೂ ಹೇಳಲಿಲ್ಲ. ಸಂಜೆ ನನ್ನ ಹತ್ತಿರ ವ್ಯಾಕರಣ ಹೇಳಿಸಿಕೊಳ್ಳಲು ಬಂದವಳು ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆಯದ್ದನ್ನು ಕಂಡು ನಾನೇ ಕೇಳಿದೆ. ಮಣಿಕಟ್ಟಿನ ತುಂಬ ಬಳೆ ಒಡೆದ ಗೀರುಗಳು. ಅವಳ ಅಪ್ಪ ಗಾಳೆಪ್ಪ ಶಾಲೆ ಬಿಡಿಸಲು ನಿಂತ. ನಾನೂ ಹುಲುಗಣ್ಣನವರೂ ಹೋಗಿ ಬೇಡಿಕೊಂಡಾಗ, “ವಸ್ತಾದಿ ಕೈವರಸೆ ಕಲಸ್ತಾನಂದ್ರ ನೋಡೂಣು. ಇಲ್ಲಾಂದ್ರ ಸಾಲಿ ಬ್ಯಾಡ, ಏನೂ ಬ್ಯಾಡ” ಎಂದ.

ಗರಡಿ ಇರುವಾಗ ಶಾಲೆಯ ಅಂಗಳವೇಕೆ ಎಂದು ತಾವು ಕೇಳಬಹುದು. ಗರಡಿಯ ಮಣ್ಣನ್ನು ಹೆಂಗಸರು ತುಳಿಯುವಂತಿಲ್ಲ. ಆದರೆ ಪ್ರತಿ ವರ್ಷ ನಾಗರ ಪಂಚಮಿಗೆ ಮುಂಚೆ ಆ ಕೆಂಪು ಮಣ್ಣನ್ನು ಜರಡಿ ಹಿಡಿಯುವವರು, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡುವವರು, ಬುಟ್ಟಿಯನ್ನು ಗರಡಿಯ ಹೊಸ್ತಿಲ ಹೊರಗಿಟ್ಟು ಹಿಂದಿರುಗುವವರು ನಾವೇ. ನಮ್ಮ ಕೈಯಿಂದ ಕೆಡದ ಮಣ್ಣು ಕಾಲಿನಿಂದ ಕೆಡುತ್ತದೆಯೇ? ಹುಲುಗಣ್ಣನವರನ್ನು ಕೇಳಿದರೆ ನಕ್ಕರು: “ನಿಮ್ಮನ್ನ ಒಳಗ ಕರಕೊಂಡ್ರ ಗರಡ್ಯಾಗಿನ ಹಣಮಪ್ಪ ಸಿಟ್ಟಾಗಂಗಿಲ್ಲ ತಂಗೀ. ಊರ ಗಂಡಸರು ಆಗ್ತಾರ. ಹಣಮಪ್ಪಗಾದ್ರ ಒಂದು ಕಾಯಿ ಒಡದು ಸಮಾಧಾನ ಮಾಡಬೌದು.”

ಆದ್ದರಿಂದ ಅರ್ಜಿ ಹಿಡಿದು ತಮ್ಮಲ್ಲಿಗೆ ಬಂದೆ. ತಾವು ತಲೆ ಎತ್ತದೆಯೇ ಓದಿದಿರಿ. “ಬಿ.ಎ. ಮಾಡಿ ಕುಸ್ತಿ ಹಿಡಿಯಾಕ ಹೊಂಟೀಯೇನಮ್ಮಾ? ಕಸೂತಿ ಕ್ಲಾಸ್ ಕೇಳು, ಇವತ್ತೇ ಸೈ ಹಾಕ್ತೀನಿ” ಎಂದಿರಿ. ಬಾಗಿಲ ಬಳಿಯ ಜವಾನ ನಕ್ಕ. ಮೂರು ವರ್ಷ ಸಾಹಿತ್ಯ ಓದಿದ ನಾನು ತಮ್ಮ ಮೇಜಿನ ಗಾಜಿನಡಿ ಇದ್ದ ರಜಾದಿನಗಳ ಪಟ್ಟಿಯನ್ನು ಓದುತ್ತ ನಿಂತಿದ್ದೆ. ಉತ್ತರ ಬರುವವರೆಗೆ ಕಾಯಲಾರದೆ ಅಂಗಳಕ್ಕೆ ಇಳಿದದ್ದು ನಮ್ಮ ತಪ್ಪೇ ಇರಬಹುದು. ನಿನ್ನೆ ತಮ್ಮ ಉತ್ತರ ಬಂತು: “ಶಾಲಾ ಆವರಣದಲ್ಲಿ ಅಶಿಸ್ತಿಗೆ ಅವಕಾಶವಿಲ್ಲ.”

ಹನ್ನೊಂದು ದಿನಗಳಲ್ಲಿ ನಾವು ಕಲಿತ ಅಶಿಸ್ತು ಒಂದೇ. ಯಾರಾದರೂ ಮಣಿಕಟ್ಟು ಹಿಡಿದರೆ, ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದುಕೊಳ್ಳಬೇಕು. ಹಿಡಿತ ಸಡಿಲವಾಗುವುದು ಅಲ್ಲೇ. ಇದು ಅಶಿಸ್ತಾದರೆ, ಸೇತುವೆಯ ಬಳಿ ನಡೆದದ್ದಕ್ಕೆ ತಮ್ಮ ಕಡತಗಳಲ್ಲಿ ಯಾವ ಹೆಸರಿದೆ?

ಈ ಬೆಳಿಗ್ಗೆ ಮಗಳನ್ನು ಬಿಡಲು ಬಂದಿದ್ದ ಗಾಳೆಪ್ಪ ಬೀಗವನ್ನು ಎಳೆದು ನೋಡಿದ. “ಸರ್ಕಾರನ ಬ್ಯಾಡ ಅಂದಮ್ಯಾಲೆ ನಂದೇನೈತಿ ಅಕ್ಕಾ” ಎಂದು ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಟ. ಮೈಲಮ್ಮ ತಿರುಗಿ ನೋಡಲಿಲ್ಲ.

ಸೋಮವಾರದೊಳಗೆ ಆ ಗೇಟು ಬೆಳಿಗ್ಗೆ ಅರ್ಧ ಗಂಟೆ ತೆರೆದಿರಲಿ ಎಂಬ ಒಂದು ಸಾಲಿನ ಆದೇಶ ಬೇಕು. ಅದಾಗದಿದ್ದರೆ ಆ ಎರಡು ಆಡುಗಳನ್ನಾದರೂ ಬಿಡಿಸಿರಿ. ಅವು ಅರ್ಜಿ ಬರೆಯಲಾರವು.

ಪಂಚಮಿಗೆ ಇನ್ನು ಹತ್ತು ದಿನ. ಗರಡಿಯ ಮಣ್ಣಿನ ಬುಟ್ಟಿ ನಮ್ಮ ಮನೆಗೂ ಬಂದಿದೆ. ಈ ಸಲ ಅದನ್ನು ಜರಡಿ ಹಿಡಿದು, ಹದ ಮಾಡಿ, ನಮ್ಮ ಹಿತ್ತಲಿನಲ್ಲೇ ಹರಡುತ್ತೇನೆ. ಇಬ್ಬರು ನಿಲ್ಲುವಷ್ಟು ಜಾಗವಾಗುತ್ತದೆ. ಮೈಲಮ್ಮನನ್ನು ಕರೆತರಲು ಸೋಮವಾರ ಸೇತುವೆ ದಾಟಿ ನಾನೇ ಹಟ್ಟಿಗೆ ಹೋಗುತ್ತೇನೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಇಂತಿ,
ತಮ್ಮೆದುರು ಬಾಯಿ ಬಾರದೆ ನಿಂತಿದ್ದ ಪದವೀಧರೆ
ಹೊಸಹಳ್ಳಿ ಹೋಬಳಿ, ೧೯೮೨